ಗೇಟಿನ ಹೊರಗೆ ಕಾಯ್ದವರು

ಹೋದ ತಿಂಗಳು ನಾನು ಒಬ್ಬ ಮನುಷ್ಯನನ್ನು ಒಂದೇ ಒಂದು ಪದದಿಂದ ಹೇಡಿ ಮಾಡಿಬಿಟ್ಟೆ.

ಅದೂ ಅವರ ಎದುರಿಗೇ. ಅವರು ಬೇಡ ಅನ್ನಲಿಲ್ಲ. 'ಹೌದ್ರಿ, ಖರೇ' ಅಂತ ತಲೆಯಾಡಿಸಿ, ಕನ್ನಡದಲ್ಲಿ ದುಂಡಗೆ ಸಹಿಯನ್ನೂ ಹಾಕಿಕೊಟ್ಟರು. ನಾನು ಬ್ಯಾಗು ಎತ್ತಿಕೊಂಡು, ದ ಹೇಗ್‌ನಿಂದ ಟ್ರ್ಯಾಮ್ ಹಿಡಿದು ರೈಸ್‌ವೈಕ್‌ನ ಮನೆಗೆ ಬಂದು ಅನ್ನಕ್ಕಿಟ್ಟೆ. ಕೆಲಸ ಚೆನ್ನಾಗಿ ಆಯಿತು ಅಂತ ಗಂಡನ ಹತ್ತಿರ ಹೇಳಿಕೊಂಡೆ ಬೇರೆ.

ಆ ಪದ ಯಾವುದು ಅಂತ ಹೇಳುತ್ತೇನೆ, ಸ್ವಲ್ಪ ತಾಳಿ. ಬೈಯುವವರು ಪೂರ್ತಿ ಓದಿಯೇ ಬೈಯಿರಿ.

ಈ ಅಂಕಣದ ಹಳೆಯ ಓದುಗರಿಗೆ ಗೊತ್ತಿರುವಂತೆ ನನ್ನ ಹೊಟ್ಟೆಪಾಡು ಸಾಫ್ಟ್‌ವೇರ್ ಟೆಸ್ಟಿಂಗ್. ಬೇರೆಯವರು ಮಾಡಿದ ತಪ್ಪು ಹುಡುಕುವುದು. (ಇದಕ್ಕೆ ಹೆಂಡತಿಯರಿಗೆ ಬೇರೆ ಟ್ರೈನಿಂಗ್ ಬೇಕಿಲ್ಲ ಅನ್ನುವುದು ನನ್ನ ಗಂಡನ ಅಭಿಪ್ರಾಯ.) ಇದರ ಜೊತೆಗೆ ಅಪರೂಪಕ್ಕೊಮ್ಮೆ ಕನ್ನಡದ 'ಟೋಲ್ಕ್' ಕೆಲಸವೂ ಉಂಟು. ದುಭಾಷಿಗೆ ಡಚ್ಚರು ಹಾಗನ್ನುತ್ತಾರೆ. ಊರಿಂದ ಬಂದ ಅತ್ತೆಗೆ ಡಾಕ್ಟರ ಹತ್ತಿರ ಮಂಡಿನೋವು ಹೇಳಿಕೊಳ್ಳಬೇಕು, ಯಾರದೋ ಮದುವೆ ಸರ್ಟಿಫಿಕೇಟು ನಗರಸಭೆಯಲ್ಲಿ ವಿವರಿಸಬೇಕು, ಅಂಥ ಕೆಲಸ. ಈ ದೇಶದಲ್ಲಿ ಕನ್ನಡದ ಟೋಲ್ಕ್‌ಗಳನ್ನು ಒಂದು ಕೈಬೆರಳಲ್ಲಿ ಎಣಿಸಿ ಮುಗಿಸಬಹುದು. ಹಾಗಾಗಿ ನನಗೆ ಒಳಗೊಳಗೇ ಒಂದು ಜಂಬ.

ಟೋಲ್ಕ್‌ಗೆ ಮೂರು ನಿಯಮ. ಕೂಡಿಸಬೇಡ, ಕಳೆಯಬೇಡ, ಬದಲಿಸಬೇಡ. ಮೊದಲ ದಿನವೇ ಇದನ್ನು ಬಾಯಿಪಾಠ ಮಾಡಿಸುತ್ತಾರೆ.

ಹೋದ ತಿಂಗಳು ದ ಹೇಗ್‌ನ ಒಂದು ಸಂಸ್ಥೆಯಿಂದ ಮೇಲ್ ಬಂತು. ಹೆಸರು ಬೇಡ. ನೀಲಿ ಹೆಲ್ಮೆಟ್ ಹಾಕಿಕೊಂಡು ಶಾಂತಿಪಾಲನೆಗೆ ಹೊರಡುವ ಆಫೀಸರುಗಳಿಗೆ ಕೋರ್ಸ್ ನಡೆಸುವ ಜಾಗ. ಹಿಂದೆ ಹೋಗಿಬಂದ ಸಿಪಾಯಿಗಳ ಅನುಭವವನ್ನು ಅವರವರ ಮಾತಿನಲ್ಲೇ ರೆಕಾರ್ಡ್ ಮಾಡಿ, ಇಂಗ್ಲಿಷಿಗೆ ಇಳಿಸಿ, ಪಾಠಕ್ಕೆ ಬಳಸುತ್ತಾರಂತೆ. ಈ ಸಲ ಸಿಕ್ಕಿದ್ದು ಬೆಳಗಾವಿ ಕಡೆಯ ನಿವೃತ್ತ ಹವಾಲ್ದಾರ್ ಕಲ್ಲಪ್ಪನವರು.

ಕಲ್ಲಪ್ಪನವರ ಮಗಳು ಸವಿತಾ ಎನ್ಸ್‌ಕೆಡೆಯ ಯೂನಿವರ್ಸಿಟಿಯಲ್ಲಿ ನೀರಿನ ಪೈಪುಗಳ ಮೇಲೆ ರಿಸರ್ಚ್ ಮಾಡುತ್ತಾಳೆ. ಅಪ್ಪ ಮೂರು ತಿಂಗಳ ವೀಸಾದಲ್ಲಿ ಮಗಳನ್ನು ನೋಡಲು ಬಂದಿದ್ದರು. ಅವಳ ಸಹೋದ್ಯೋಗಿ ಒಬ್ಬರ ಮೂಲಕ ಸಂಸ್ಥೆಗೆ ಸುದ್ದಿ ಮುಟ್ಟಿತ್ತು. ಮಗಳೇ ಅನುವಾದ ಮಾಡುವ ಹಾಗಿಲ್ಲ, ಸಂಬಂಧಿಕರಿಗೆ ಅವಕಾಶವಿಲ್ಲ. ಅದಕ್ಕೆ ನಾನು.

ಮಂಗಳವಾರ ಮಧ್ಯಾಹ್ನ. ಒಂದು ಪುಟ್ಟ ರೂಮು, ಮೇಜಿನ ಮೇಲೆ ರೆಕಾರ್ಡರ್, ತಲಾ ಒಂದು ಕಾಫಿ, ತಲಾ ಒಂದೇ ಬಿಸ್ಕತ್ತು. ಪ್ರಶ್ನೆ ಕೇಳಿದವಳು ಮರೈಕೆ ಅಂತ, ಐವತ್ತರ ಆಸುಪಾಸಿನ ಡಚ್ ಹೆಂಗಸು. ಎಲ್ಲವನ್ನೂ ಪೆನ್ಸಿಲಿನಲ್ಲಿ ಬರೆದುಕೊಳ್ಳುವ, ಹೇಳಿದ ಟೈಮಿಗೆ ಶುರು ಮಾಡಿ ಹೇಳಿದ ಟೈಮಿಗೆ ಮುಗಿಸುವ ಜಾತಿ.

ಕಲ್ಲಪ್ಪನವರು ನನಗಿಂತ ಇಪ್ಪತ್ತು ವರ್ಷ ದೊಡ್ಡವರು. ಆದರೂ ನನ್ನನ್ನು 'ಅಕ್ಕಾರ' ಅಂದರು. ನಾನು ಮೈಸೂರಿನವಳು. ನಮ್ಮ ಕಡೆ ಹೀಗೆ ಕರೆದರೆ ವಯಸ್ಸಾಯಿತೇನೋ ಅಂತ ಕನ್ನಡಿ ನೋಡಿಕೊಳ್ಳುತ್ತೇವೆ. ಅವರ ಕಡೆ ಅದು ಮರ್ಯಾದೆ.

ಅವರು ಹೇಳಿದ್ದು ಇಷ್ಟು. ಸುಮಾರು ಇಪ್ಪತ್ತು ವರ್ಷದ ಹಿಂದೆ, ಆಫ್ರಿಕಾದ ಒಂದು ದೇಶ. ಸಂತೆ ನಡೆಯುವ ಒಂದು ಸಣ್ಣ ಊರಿನ ಅಂಚಿನಲ್ಲಿ ಅವರ ಕ್ಯಾಂಪು. ಒಂದು ಬೆಳಿಗ್ಗೆ ಪಕ್ಕದ ಹಳ್ಳಿಗಳ ಮೇಲೆ ಬಂದೂಕಿನವರು ಬಿದ್ದರು. ಜನ ಕೈಗೆ ಸಿಕ್ಕಿದ್ದು ಹಿಡಿದುಕೊಂಡು ಕ್ಯಾಂಪಿನ ಗೇಟಿಗೆ ಓಡಿ ಬಂದರು. ಹೆಂಗಸರು, ಮಕ್ಕಳು, ಗಂಟುಮೂಟೆ, ಒಂದಷ್ಟು ಆಡು. ಗೇಟು ತೆಗೆಯಬೇಕೋ ಬೇಡವೋ ಅಂತ ಮೇಲಿನವರನ್ನು ಕೇಳಿದರು. ಸದ್ಯಕ್ಕೆ ತೆಗೆಯಬೇಡಿ, ಹೆಡ್‌ಕ್ವಾರ್ಟರ್ಸಿನಿಂದ ಉತ್ತರ ಬರಲಿ ಅಂತ ಆರ್ಡರ್ ಆಯಿತು.

ಇಲ್ಲಿ ಒಂದು ನಿಮಿಷ ಮ್ಯಾಂಡೇಟ್ ಬಗ್ಗೆ. ಶಾಂತಿಪಾಲನಾ ಪಡೆ ಒಂದು ದೇಶಕ್ಕೆ ಹೊರಡುವ ಮುಂಚೆ ದೊಡ್ಡ ದೇಶಗಳೆಲ್ಲ ಕೂತು ಒಂದು ಕಾಗದ ಬರೆದುಕೊಡುತ್ತವೆ. ಏನು ಮಾಡಬಹುದು, ಎಲ್ಲಿಯವರೆಗೆ ಹೋಗಬಹುದು, ಯಾವಾಗ ಬಂದೂಕು ಎತ್ತಬಹುದು ಅಂತ. ಅದೇ ಮ್ಯಾಂಡೇಟ್. ಈಚಿನ ವರ್ಷಗಳಲ್ಲಿ ಅದರಲ್ಲಿ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ: ಅಪಾಯದಲ್ಲಿರುವ ಸಾಮಾನ್ಯ ಜನರನ್ನು ರಕ್ಷಿಸಬೇಕು. ಆ ಸಾಲಿಗೆ ಒಂದು ಬಾಲವೂ ಇರುತ್ತದೆ. ಕೈಲಾದಷ್ಟು, ತಾವಿರುವ ಜಾಗದಲ್ಲಿ, ಅನ್ನುವ ಅರ್ಥದ ಬಾಲ.

ಕೈಲಾದಷ್ಟು ಅಂದರೆ ಎಷ್ಟು? ಯಾರ ಕೈಗೆ? ಅದನ್ನು ಅಳೆಯುವವರು ಯಾರು? ಕಾಗದದ ಪ್ರಕಾರ ರಕ್ಷಣೆ ಕೊಡಬೇಕು. ಕಾಗದ ಓದಿಕೊಂಡು ಕೂತಿರುವ ಸಾಹೇಬರು ಒಂದು ಫೋನು ಬರಲಿ ಅನ್ನುತ್ತಾರೆ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತ ಸುಮ್ಮನೆ ಹೇಳಿದ್ದಾರಾ ನಮ್ಮ ಹಿರಿಯರು?

ಸರಿ, ಗೇಟಿಗೆ ಬರೋಣ. ಕಲ್ಲಪ್ಪನವರ ಜೊತೆ ಎಂಟು ಜನ ಸಿಪಾಯಿಗಳು. ಗೇಟಿನ ಪಕ್ಕದಲ್ಲಿ ಒಬ್ಬರೇ ನುಸುಳುವಂಥ ಒಂದು ಚಿಕ್ಕ ಬಾಗಿಲಿತ್ತಂತೆ. ಒಂಬತ್ತೂ ಜನ ಅದರಿಂದ ಹೊರಗೆ ಹೋದರು. ಆಮೇಲಿನದನ್ನು ಅವರು ಹೇಳಿದ್ದು ಹೀಗೆ:

"ಹೊರಗ ಹೋಗಿ ಗೇಟಿನ ಮುಂದ ನಿಂತ್ವಿ. ಸಂಜಿಮಟಾ ಕಾಯ್ದ್ವಿ."

ನಾನು ಇಂಗ್ಲಿಷಿನಲ್ಲಿ 'ವೇಟೆಡ್' ಅಂದೆ. ಗೇಟಿನ ಹೊರಗೆ ನಿಂತು ಸಂಜೆಯವರೆಗೆ ವೇಟ್ ಮಾಡಿದೆವು.

ನಡುವೆ ಬಂದೂಕಿನವರ ಗಾಡಿಗಳು ಎರಡು ಸಲ ಬಂದುವಂತೆ. ಆಗ ನೀವೇನು ಮಾಡುತ್ತಿದ್ದಿರಿ ಅಂತ ಮರೈಕೆ ಕೇಳಿದಳು. ಕಲ್ಲಪ್ಪನವರು ಕಾಫಿ ಕಪ್ಪನ್ನು ತಿರುಗಿಸುತ್ತಾ, ಕಾಯ್ಕೋತ ನಿಂತಿದ್ವಿ, ಗಾಡಿ ಬಂದ್ವು, ಹೋದ್ವು ಅಂದರು. ಅವರು ಮಾತನಾಡುವುದೇ ಹಾಗೆ, ಉಪ್ಪು ಖಾರ ಹಚ್ಚುವ ಪೈಕಿ ಅಲ್ಲ. ನಾನು ಅದನ್ನೂ ಹಾಗೇ ದಾಟಿಸಿದೆ. ವೇಟ್ ಮಾಡುತ್ತಾ ನಿಂತಿದ್ದೆವು, ಗಾಡಿಗಳು ಬಂದವು, ಹೋದವು. ಸಂಜೆಗೆ ಆರ್ಡರ್ ಬಂತು, ಗೇಟು ತೆಗೆದರು, ಜನ ಒಳಗೆ ಬಂದರು. ಊರಿನ ಸೇತುವೆಯ ಆಚೆ ಕಡೆ ಉಳಿದವರು ಮಾತ್ರ ಬರಲಿಲ್ಲ. ಅಲ್ಲಿ ಏನಾಯಿತು ಅಂತ ಮರುದಿನ ಹೋಗಿ ನೋಡಿದವರಿಗೆ ಗೊತ್ತು ಅಂದು ಕಪ್ಪು ಕೆಳಗಿಟ್ಟರು. ಮರೈಕೆಯೂ ಅಲ್ಲಿಗೇ ಬಿಟ್ಟಳು.

ನಿಜ ಹೇಳುತ್ತೇನೆ. 'ಕಾಯ್ದ್ವಿ' ಅಂದಾಗ ನನ್ನೊಳಗೆ ಎಲ್ಲೋ ಒಂದು ಚೂರು ತುರಿಸಿತು. ಕಾಯುವುದು ಅಂದರೆ ಎರಡು ಅಲ್ಲವಾ? ಬಸ್ಸಿಗೆ ಕಾಯುತ್ತೇವೆ. ಹೊಲವನ್ನೂ ಕಾಯುತ್ತೇವೆ. ಕೇಳಬಹುದಿತ್ತು. ಅನುಮಾನ ಬಂದರೆ ಕೇಳಲು ಟೋಲ್ಕ್‌ಗೆ ಹಕ್ಕಿದೆ. ಆದರೆ ನಾಲ್ಕು ಗಂಟೆಗೆ ಐದು ನಿಮಿಷ. ಐದಕ್ಕೆ ಮಗಳ ಈಜಿನ ಕ್ಲಾಸು. (ಈ ದೇಶದಲ್ಲಿ ಮಕ್ಕಳಿಗೆ ಈಜಿನ ಡಿಪ್ಲೊಮಾ ಇಲ್ಲದಿದ್ದರೆ ತಾಯಂದಿರು ತಲೆಯೆತ್ತಿ ಓಡಾಡುವಂತಿಲ್ಲ.) ನಾನು ಕೇಳಲಿಲ್ಲ.

ಇನ್ನೂ ಮಜಾ ಕೇಳಿ. ಕೊನೆಯಲ್ಲಿ ಇಂಗ್ಲಿಷ್ ಪಠ್ಯವನ್ನು ಸಾಕ್ಷಿಗೆ ಅವರ ಭಾಷೆಯಲ್ಲಿ ಓದಿ ಹೇಳಿ, ಸರಿಯಿದ್ದರೆ ಸಹಿ ಹಾಕಿಸಬೇಕು. ತಪ್ಪಾಗದಿರಲಿ ಅಂತಲೇ ಮಾಡಿರುವ ವ್ಯವಸ್ಥೆ. ನಾನು 'ವೇಟೆಡ್' ಅನ್ನುವುದನ್ನು ಕನ್ನಡಕ್ಕೆ ತಂದೆ. ಏನಂತ ತಂದೆ? 'ಗೇಟಿನ ಹೊರಗೆ ನಿಂತು ಸಂಜೆಯವರೆಗೆ ಕಾಯ್ದಿರಿ, ಸರೀನಾ ಸರ್?'

ಅದಕ್ಕೇ ಅವರು 'ಹೌದ್ರಿ, ಖರೇ' ಅಂದಿದ್ದು.

ನೋಡಿದಿರಾ? ಹೋಗುವಾಗ ಕಾವಲಾಗಿದ್ದ ಪದ ಬರುವಾಗ ಬಸ್‌ಸ್ಟಾಪಾಗಿತ್ತು. ಹೊಸಿಲಲ್ಲಿ ಎರಡೂ ಒಂದೇ ಅಂಗಿ ತೊಟ್ಟಿದ್ದವು. ಇಪ್ಪತ್ತು ವರ್ಷ ಟೆಸ್ಟಿಂಗ್ ಮಾಡಿದ ನನಗೆ ಇಂಥ ಬಗ್ ಎಲ್ಲೂ ಸಿಕ್ಕಿರಲಿಲ್ಲ.

ಎರಡು ವಾರ ಕಳೆದು ಒಂದು ಶನಿವಾರ ದ ಹೇಗ್‌ನ ಇಂಡಿಯನ್ ಅಂಗಡಿಯಲ್ಲಿ ಬೆಂಡೆಕಾಯಿ ತುದಿ ಮುರಿದು ನೋಡುತ್ತಿದ್ದೆ. ಸವಿತಾ ಫೋನ್ ಮಾಡಿದಳು. ದನಿ ಗಡುಸಾಗಿತ್ತು. ಸಂಸ್ಥೆಯವರು ಕೋರ್ಸಿನ ಪುಟಗಳನ್ನು ಅವಳಿಗೆ ಕಳಿಸಿದ್ದರು. ಅವಳ ಅಪ್ಪನ ಕಥೆಗೆ ಒಂದು ತಲೆಬರಹ ಕೊಟ್ಟಿದ್ದರು. ಕನ್ನಡದಲ್ಲಿ ಹೇಳುವುದಾದರೆ, 'ಸುಮ್ಮನೆ ನಿಂತವರು'. ಕೆಳಗೆ ವಿದ್ಯಾರ್ಥಿಗಳಿಗೆ ಒಂದು ಪ್ರಶ್ನೆ: ಗಾಡಿಗಳು ಬಂದಾಗಲೂ ಈ ಒಂಬತ್ತು ಜನ ಯಾಕೆ ಏನೂ ಮಾಡಲಿಲ್ಲ?

"ಮೇಡಂ, ಅಪ್ಪ ವೇಟ್ ಮಾಡ್ಲಿಲ್ರಿ. ಅವ್ರು ಆ ಮಂದೀನ ಕಾಯ್ದಾರ," ಅಂದಳು ಸವಿತಾ. "ಗಾಡಿ ಮುಂದ ಬಂದೂಕ ಹಿಡದು ಅಡ್ಡ ನಿಂತಾರ. ಅದನ್ನ ಕೇಳ್ಕೋತನ ನಾ ದೊಡ್ಡಾಕಿ ಆಗೀನಿ."

ನನ್ನ ಕೈಯಲ್ಲಿದ್ದ ಬೆಂಡೆಕಾಯಿ ಹಾಗೇ ಉಳಿಯಿತು. ಅಪ್ಪನಿಗೆ ಗೊತ್ತಾ ಅಂತ ಕೇಳಿದೆ. ಇನ್ನೂ ಹೇಳಿಲ್ಲ, ಹೇಗೆ ಹೇಳಲಿ ಅಂದಳು. ಮುಂದಿನ ಭಾನುವಾರ ಅವರಿಗೆ ವಾಪಸು ವಿಮಾನ. ಅದರ ಮರುದಿನ, ಸೋಮವಾರ, ಕೋರ್ಸ್ ಶುರು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನನಗೆ ನಾಚಿಕೆಯಾಯಿತು. ಮನೆಗೆ ಬಂದವಳೇ ಗಂಡನನ್ನು ನಿಲ್ಲಿಸಿ ಕೇಳಿದೆ, 'ಅವನು ಗೇಟಿನ ಹತ್ತಿರ ಕಾಯ್ತಾ ಇದ್ದ' ಅಂದ್ರೆ ಏನು? ವಾಚ್‌ಮನ್ನಾ ಅಂದರು. ಮಗಳನ್ನು ಕೇಳಿದೆ. ಯಾರೋ ಲೇಟಾಗಿ ಬರ್ತಿದ್ದಾರೆ ಅಂತ ಡಚ್‌ನಲ್ಲಿ ಉತ್ತರ ಕೊಟ್ಟಳು. ಒಂದೇ ಮನೆ, ಒಂದೇ ವಾಕ್ಯ, ಎರಡು ಗೇಟು.

ಅವತ್ತೇ ಮರೈಕೆಗೆ ಮೇಲ್ ಬರೆದೆ. ತಪ್ಪು ನನ್ನದು, ತಿದ್ದಬೇಕು ಅಂತ. ಸೋಮವಾರ ಉತ್ತರ ಬಂತು. ತುಂಬಾ ವಿನಯದ ಉತ್ತರ. ಪಠ್ಯವನ್ನು ಸಾಕ್ಷಿಗೆ ಓದಿ ಹೇಳಲಾಗಿದೆ, ಸಹಿಯಾಗಿದೆ. ಸಹಿಯಾದ ಪಠ್ಯವನ್ನು ತಿದ್ದುವ ಅಧಿಕಾರ ತನಗಿಲ್ಲ. ಬೇಸಿಗೆ ರಜೆ ಮುಗಿದ ಮೇಲೆ ಸಮಿತಿ ಸೇರುತ್ತದೆ, ಅಲ್ಲಿ ಇಡುತ್ತೇನೆ. ಅಲ್ಲಿಯವರೆಗೆ ದಯವಿಟ್ಟು ಕಾಯಿರಿ.

ಕಾಯಿರಿ. ಅವಳೇನು ಬೇಕಂತ ಬರೆದದ್ದಲ್ಲ. ಆದರೆ ನನ್ನ ಮೈ ಉರಿದುಹೋಯಿತು.

ಈ ಉರಿಯನ್ನು ಒಂದೆರಡು ದಿನ ಅವಳ ಮೇಲೆ ತಿರುಗಿಸಿದೆ, ಆಮೇಲೆ ನನ್ನ ಮೇಲೆ ತಿರುಗಿಸಿಕೊಂಡೆ. ಅವಳಿಗೊಂದು ಮ್ಯಾಂಡೇಟ್ ಇದೆ, ಅದರೊಳಗೆ ನಿಂತಿದ್ದಾಳೆ. ನನಗೂ ಒಂದಿತ್ತು. ಕೂಡಿಸಬೇಡ, ಕಳೆಯಬೇಡ, ಬದಲಿಸಬೇಡ. ತುರಿಸಿದಾಗ ಕೇಳಬೇಡ ಅಂತ ಅದರಲ್ಲಿ ಎಲ್ಲಿತ್ತು? ಎಲ್ಲೂ ಇರಲಿಲ್ಲ. ಈಜಿನ ಕ್ಲಾಸಿಗೆ ಹೊತ್ತಾಗುತ್ತದೆ ಅಂತ ನಿಯಮದ ಹಿಂದೆ ನಾನೇ ಅಡಗಿಕೊಂಡೆ. ಯುದ್ಧಭೂಮಿಯಲ್ಲಿ ಜನರನ್ನು ಬಿಟ್ಟುಬಿಡುವವರು ರಾಕ್ಷಸರೇ ಆಗಿರಬೇಕಿಲ್ಲ. ಐದು ಗಂಟೆಗೆ ಬೇರೆ ಕೆಲಸ ಇರುವ ನನ್ನಂಥ ಒಳ್ಳೆಯವರೇ ಸಾಕು.

ಈ ದೇಶಕ್ಕೆ ಇದು ಗೊತ್ತಿಲ್ಲದ ವಿಷಯವೂ ಅಲ್ಲ. ತೊಂಬತ್ತರ ದಶಕದಲ್ಲಿ ಇಲ್ಲಿನ ಹುಡುಗರು ನೀಲಿ ಹೆಲ್ಮೆಟ್ ಹಾಕಿಕೊಂಡು ಬಾಲ್ಕನ್ ಬೆಟ್ಟಗಳ ನಡುವೆ ನಿಂತಿದ್ದ ಕಡೆ, ಇವರಿಂದ ಕಾಪಾಡುವ ಮಾತು ಪಡೆದಿದ್ದ ಸಾವಿರಾರು ಜನ ಜೀವಂತ ಉಳಿಯಲಿಲ್ಲ. ಆ ಮಾತು ಬಂದರೆ ನನ್ನ ಆಫೀಸಿನ ಹಿರಿಯ ಡಚ್ಚರು ಇವತ್ತಿಗೂ ಕಾಫಿ ಕಪ್ಪಿನ ಕಡೆ ನೋಡುತ್ತಾರೆ. ಅದಕ್ಕೇ ಇಂಥ ಕೋರ್ಸುಗಳು, ಅದಕ್ಕೇ ಇಷ್ಟೊಂದು ರೆಕಾರ್ಡರುಗಳು. ಉದ್ದೇಶ ಒಳ್ಳೆಯದೇ. ಆದರೆ ಸೋಮವಾರ ಆ ಕೋಣೆಯಲ್ಲಿ ಕೂರುವ ಆಫೀಸರುಗಳು ಕಲ್ಲಪ್ಪನವರಿಂದ ಏನು ಕಲಿಯುತ್ತಿದ್ದರು? ಆರ್ಡರ್ ಇಲ್ಲದಿದ್ದರೆ ಯಾರೂ ಏನೂ ಮಾಡಲಾಗದು ಅಂತ. ನಡೆದದ್ದು ಅದಕ್ಕೆ ಪೂರಾ ತದ್ವಿರುದ್ಧ. ಇದು ಒಬ್ಬರ ಮಾನದ ಪ್ರಶ್ನೆಯಾಗಿ ಶುರುವಾಗಿ ಮುಂದಿನ ಯಾವುದೋ ಗೇಟಿನ ಪ್ರಶ್ನೆಯಾಗಿತ್ತು.

ಬುಧವಾರ ಸಂಜೆ ಸವಿತಾಗೆ ಫೋನ್ ಮಾಡಿ, ಅಪ್ಪನಿಗೆ ನಾನೇ ಹೇಳುತ್ತೇನೆ, ಕೊಡು ಅಂದೆ. ತಪ್ಪು ಮಾಡಿದವಳು ನಾನು, ಹೇಳುವ ಕಷ್ಟವೂ ನನ್ನದೇ ಆಗಬೇಕು. ಎಲ್ಲ ಹೇಳಿದೆ. ತಲೆಬರಹವನ್ನೂ ಬಿಡಲಿಲ್ಲ. ಅವರು ಬೈದಿದ್ದರೆ ಹಗುರಾಗುತ್ತಿತ್ತು. ಬೈಯಲಿಲ್ಲ. ಕೊನೆಗೆ, ನನ್ನ ಜೊತೆಗಿದ್ದ ಎಂಟು ಹುಡುಗರೂ ಸುಮ್ಮನೆ ನಿಂತವರೇ ಆದರೇನ್ರಿ ಅಂತ ಕೇಳಿದರು. ತಮ್ಮ ಹೆಸರಿನ ಬಗ್ಗೆ ಒಂದು ಮಾತೂ ಇಲ್ಲ.

ಶುಕ್ರವಾರ ದ ಹೇಗ್‌ಗೆ ಬರುತ್ತೀರಾ ಅಂತ ಕೇಳಿದೆ. ಅಪಾಯಿಂಟ್‌ಮೆಂಟ್ ಐತೇನ್ರಿ ಅಂದರು. ಇಲ್ಲ ಅಂದೆ. ಅಪಾಯಿಂಟ್‌ಮೆಂಟ್ ಇಲ್ಲದೆ ಡಚ್ಚರ ಬಾಗಿಲು ತಟ್ಟುವುದು ಅಂದರೆ ಏನು ಅಂತ ಇಲ್ಲಿ ನಾಲ್ಕು ದಿನ ಇದ್ದವರಿಗೂ ಗೊತ್ತು. ನೆಂಟರ ಮನೆಗೂ ಕೇಳಿಕೊಂಡು ಹೋಗುವ ಜನ ಇವರು. ಆಗ ಕಲ್ಲಪ್ಪನವರು ಒಂದು ಮಾತು ಹೇಳಿದರು.

"ಗೇಟ್ ತಗೀಬ್ಯಾಡ್ರಿ ಅಂದಿದ್ರು ನಮಗ. ಹೊರಗ ಹೋಗಿ ನಿಂದರಬ್ಯಾಡ್ರಿ ಅಂದಿದ್ದಿಲ್ಲ."

ಆ ಇಡೀ ದಿನದ ಒಳಗುಟ್ಟು ಇಷ್ಟೇ ಇತ್ತು. ಸಹಿಯಾದ ಇಂಗ್ಲಿಷ್ ಪಠ್ಯದಲ್ಲಿ ಇದೊಂದು ವಾಕ್ಯ ಇರಲಿಲ್ಲ, ಯಾಕೆಂದರೆ ಯಾರೂ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ನಾವು ಮೂವರೂ ಸಂಸ್ಥೆಯ ರಿಸೆಪ್ಷನ್ನಿಗೆ ಹೋದೆವು. ಕಲ್ಲಪ್ಪನವರು ಕೋಟು ಹಾಕಿದ್ದರು, ಕೂರಲು ಒಪ್ಪದೆ ಬಾಗಿಲ ಪಕ್ಕ ನೆಟ್ಟಗೆ ನಿಂತಿದ್ದರು. ಒಳಗೆ ಮೀಟಿಂಗ್ ಇದೆ ಅಂದರು ಕೌಂಟರಿನವರು. ಇರಲಿ ಅಂದೆ. ಬಹಳ ಹೊತ್ತಾಗಬಹುದು ಅಂದರು. ಆಗಲಿ ಅಂದೆ. ಹನ್ನೊಂದೂವರೆಗೆ ಮರೈಕೆ ಹೊರಗೆ ಬಂದಳು, ಮುಖದಲ್ಲಿ ಅಸಮಾಧಾನ. ಇಪ್ಪತ್ತು ನಿಮಿಷ ಇದೆ ಅಂದಳು.

ನಾನು ಸುತ್ತಿ ಬಳಸಿ ಹೇಳಲಿಲ್ಲ. ತಪ್ಪು ಅನುವಾದ ಮಾಡಿದೆ, ಅನುಮಾನ ಬಂದರೂ ಕೇಳಲಿಲ್ಲ, ವಾಪಸು ಓದುವಾಗಲೂ ಅದೇ ಪದ ಬಳಸಿದ್ದರಿಂದ ಅವರಿಗೆ ಗೊತ್ತಾಗುವ ಸಾಧ್ಯತೆಯೇ ಇರಲಿಲ್ಲ ಅಂದೆ. ಮರೈಕೆ ನಿಯಮ ಹೇಳಿದಳು. ಸಹಿಯಾದದ್ದನ್ನು ತಿದ್ದುವ ಹಾಗಿಲ್ಲ.

ನಾನು ಬಾಗಿಲ ಹತ್ತಿರ ನಿಂತಿದ್ದವರ ಕಡೆ ನೋಡಿ, ಅವರ ಮಾತನ್ನೇ ಸಾಲ ತೆಗೆದುಕೊಂಡೆ. ತಿದ್ದಬಾರದು ಅಂತ ಇದೆ, ಒಪ್ಪಿದೆ. ಸೇರಿಸಬಾರದು ಅಂತ ಇದೆಯಾ?

ಮರೈಕೆ ಪೆನ್ಸಿಲ್ ಕೆಳಗಿಟ್ಟಳು. ಲ್ಯಾಪ್‌ಟಾಪ್ ತೆಗೆದು ನಿಯಮಾವಳಿ ಓದತೊಡಗಿದಳು. (ಡಚ್ಚರ ಈ ಗುಣಕ್ಕೆ ನನ್ನ ನಮಸ್ಕಾರ. ಬಾಯಿಮಾತಿಗೆ ಬಗ್ಗುವುದಿಲ್ಲ, ಆದರೆ ಬರೆದದ್ದನ್ನು ನಿಮ್ಮ ಪರವಾಗಿದ್ದರೂ ಓದುತ್ತಾರೆ.) ಸುಮಾರು ಹೊತ್ತಾದ ಮೇಲೆ, ಹಾಗಂತ ಎಲ್ಲೂ ಇಲ್ಲ ಅಂದಳು. ಟೋಲ್ಕ್ ತನ್ನ ತಪ್ಪನ್ನು ಒಪ್ಪಿ, ಸಹಿ ಮಾಡಿದ ಟಿಪ್ಪಣಿ ಸೇರಿಸಬಹುದು. ಅದು ಪಠ್ಯದ ಮೊದಲ ಪುಟಕ್ಕೆ ಅಂಟುತ್ತದೆ. ಆದರೆ ನಿಮ್ಮ ಹೆಸರಿನ ಫೈಲಿನಲ್ಲೂ ಇರುತ್ತದೆ, ಮುಂದೆ ಯಾರು ನಿಮ್ಮನ್ನು ಕೆಲಸಕ್ಕೆ ಕರೆದರೂ ಓದುತ್ತಾರೆ ಅಂತ ಎಚ್ಚರಿಸಿದಳು.

ಓದಲಿ ಅಂದೆ. ಜಂಬಕ್ಕೆ ಬೆಲೆ ತೆರಬೇಕಾದ ದಿನ ಎಂದಾದರೂ ಬರಲೇಬೇಕಿತ್ತು.

ಆದರೂ ಅವಳಿಗೊಂದು ಅನುಮಾನ. ಇಷ್ಟು ದೂರದ ಎರಡು ಅರ್ಥ ಒಂದೇ ಪದಕ್ಕೆ ಹೇಗೆ ಇರುತ್ತದೆ? ಒಂದರಲ್ಲಿ ಕೈಕಟ್ಟಿ ಕೂರುತ್ತೀರಿ, ಇನ್ನೊಂದರಲ್ಲಿ ಪ್ರಾಣ ಒತ್ತೆ ಇಡುತ್ತೀರಿ. ನಾನು ಬಸ್ಸು, ಹೊಲ ಎಲ್ಲ ಹೇಳಿದೆ. ಪೆನ್ಸಿಲಿನಲ್ಲಿ ಬರೆದುಕೊಳ್ಳುತ್ತಿದ್ದವಳು ತಟ್ಟನೆ ನಿಲ್ಲಿಸಿದಳು. ಬರೆದದ್ದನ್ನೇ ನೋಡುತ್ತಾ ಮೆಲ್ಲಗೆ ಎರಡು ಡಚ್ ಪದ ಹೇಳಿದಳು. 'ವಾಖ್ತ್'. 'ವಾಖ್ತೆನ್'.

ಮೊದಲನೆಯದು ಕಾವಲು. ಎರಡನೆಯದು, ಟ್ರ್ಯಾಮ್ ಸ್ಟಾಪಿನಲ್ಲಿ ನಾವು ದಿನಾ ಮಾಡುವುದು. ಒಂದೇ ಬೇರು.

ಇಷ್ಟು ವರ್ಷ ಈ ದೇಶದಲ್ಲಿದ್ದೇನೆ, ಒಂದು ದಿನವೂ ನನಗೆ ಹೊಳೆದಿರಲಿಲ್ಲ. ಅವಳು ಹುಟ್ಟಿದ್ದೇ ಆ ಭಾಷೆಯಲ್ಲಿ, ಅವಳಿಗೂ ಹೊಳೆದಿರಲಿಲ್ಲ. ಕನ್ನಡದವರೂ ಡಚ್ಚರೂ ನೇರ ಮಾತಾಡಿಕೊಂಡಿದ್ದರೆ ಆ ಪದ ಎರಡು ಅರ್ಥವನ್ನೂ ಹೊತ್ತುಕೊಂಡು ದಾಟುತ್ತಿತ್ತು. ನಡುವೆ ಇಂಗ್ಲಿಷ್ ಬಂದು, ಎರಡರಲ್ಲಿ ಒಂದನ್ನು ಆರಿಸು ಅಂದಿತು. ಆರಿಸಿದವಳು ನಾನು.

ಮರೈಕೆ ರೆಕಾರ್ಡರ್ ತಂದಿಟ್ಟಳು. ಅವಳ ಇಪ್ಪತ್ತು ನಿಮಿಷ ಯಾವಾಗಲೋ ಮುಗಿದಿತ್ತು. ಕಲ್ಲಪ್ಪನವರನ್ನು ಕೂರಿಸಿ ಒಂದೇ ಪ್ರಶ್ನೆ ಕೇಳಿದಳು. ಆ ದಿನ ನೀವು ಅಪ್ಪಣೆ ಬರಲಿ ಅಂತ ನಿಂತಿದ್ದಿರೋ, ಜನರಿಗೆ ಕಾವಲಾಗಿ ನಿಂತಿದ್ದಿರೋ? ನಾನು ಕನ್ನಡಕ್ಕೆ ತಂದೆ. ಈ ಸಲ ಎರಡು ಬೇರೆ ಪದಗಳಲ್ಲಿ, ಬಿಡಿಸಿ ಬಿಡಿಸಿ.

ಅವರು ಯೋಚಿಸಿದರು. ನನಗೆ ಗೊತ್ತಿತ್ತು ಏನು ಹೇಳುತ್ತಾರೆ ಅಂತ. ಕಾವಲು ಅನ್ನುತ್ತಾರೆ, ನಾನು 'ಗಾರ್ಡೆಡ್' ಅನ್ನುತ್ತೇನೆ, ಎಲ್ಲರೂ ಮನೆಗೆ ಹೋಗುತ್ತೇವೆ.

"ಎರಡೂ ಖರೇ ಅಕ್ಕಾರ. ಆರ್ಡರಿನ ಹಾದಿ ಕಾಯ್ದ್ವಿ. ಮಂದೀನೂ ಕಾಯ್ದ್ವಿ."

ಹಾದಿ ಕಾಯುವುದು ಅಂದರೆ ಅವರ ಕಡೆ ಎದುರು ನೋಡುವುದು. ನಾನು ಒಂದೊಂದನ್ನೂ ಬೇರೆಯಾಗಿ ಹೇಳಿದೆ, ಮರೈಕೆ ಬರೆದುಕೊಂಡಳು. ಗಾಡಿಗಳು ಬಂದಾಗ ಏನಾಯಿತು ಅಂತ ಈಗ ಸರಿಯಾಗಿ ಕೇಳಿದಳು. ಒಂಬತ್ತು ಜನ ರಸ್ತೆಗಡ್ಡ ಸಾಲಾಗಿ ನಿಂತೆವು, ಜನ ನಮ್ಮ ಬೆನ್ನ ಹಿಂದೆ, ಅವರು ನಮ್ಮನ್ನು ನೋಡಿದರು, ನಾವು ಅವರನ್ನು ನೋಡಿದೆವು, ಎರಡನೇ ಸಲ ಹತ್ತಿರದ ತನಕ ಬಂದು ತಿರುಗಿದರು ಅಂದರು. ಒಂದು ಗುಂಡೂ ಹಾರಲಿಲ್ಲ. ಹೆದರಿಕೆ ಆಗಲಿಲ್ಲವಾ ಅಂದಿದ್ದಕ್ಕೆ, ಆತು ಅಂದರು.

ಮುಗಿಯಿತು ಅಂದುಕೊಂಡೆ. ಸವಿತಾ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ 'ವೇಟೆಡ್' ಅನ್ನುವ ಪದ ತಪ್ಪು ಅಂತ ಟಿಪ್ಪಣಿಯಲ್ಲಿ ಬರೆಯುತ್ತೇನೆ ಸರ್, ನಿಮ್ಮ ಹೆಸರಿನ ಮುಂದೆ ಇನ್ನು ಅದು ಇರುವುದಿಲ್ಲ ಅಂದೆ. ಕಲ್ಲಪ್ಪನವರು ಕೈ ಅಡ್ಡ ಮಾಡಿದರು.

"ಪೂರಾ ತಗೀಬ್ಯಾಡ್ರಿ. ಬ್ರಿಜ್ಜಿನ ಆಚಿಕಡಿ ಮಂದೀದು ನಾವು ಬರೇ ಹಾದಿ ಕಾಯ್ದ್ವಿ. ಅವ್ರನ್ನ ಕಾಯಾಕ ಹೋಗ್ಲಿಲ್ಲ. ಅದನ್ನೂ ಬರೀರಿ."

ಹೋಗಿದ್ದರೆ ಗೇಟಿನ ಮುಂದಿನವರಿಗೆ ಕಾವಲೇ ಇಲ್ಲದಂತಾಗುತ್ತಿತ್ತು, ಇದ್ದವರು ಒಂಬತ್ತೇ ಜನ, ಇದು ನನಗೂ ಗೊತ್ತು, ಮರೈಕೆಗೂ ಗೊತ್ತು. ಅವಳು ಹಾಗೆ ಹೇಳಿಯೂ ಹೇಳಿದಳು. ಅದೇ ಆ ಬಾಲ, ಕೈಲಾದಷ್ಟು. ಕಲ್ಲಪ್ಪನವರು ಪೂರ್ತಿ ಕೇಳಿಸಿಕೊಂಡರು, ವಾದ ಮಾಡಲಿಲ್ಲ, ಬರೆಯಿರಿ ಅಂತ ಮತ್ತೆ ಬೆರಳು ತೋರಿಸಿದರು. ಅಲ್ಲಿಯವರೆಗೂ ನಾನು ಅವರನ್ನು ಹೀರೋ ಮಾಡಲು ಹೊರಟಿದ್ದೆ. ಅವರು ನನ್ನ ಕೈಯಲ್ಲಿ ನಿಜ ಬರೆಸಿದರು. ಈ ಸಲ ನಾನು ಕೂಡಿಸಲಿಲ್ಲ, ಕಳೆಯಲಿಲ್ಲ, ಬದಲಿಸಲಿಲ್ಲ.

ಟಿಪ್ಪಣಿಗೆ ನಾನು ಇಂಗ್ಲಿಷಿನಲ್ಲಿ ಸಹಿ ಹಾಕಿದೆ, ಅವರು ಕನ್ನಡದಲ್ಲಿ. ಜೊತೆಗಿದ್ದ ಎಂಟು ಜನರ ಹೆಸರನ್ನೂ ಒಂದೊಂದಾಗಿ ಹೇಳಿ ಬರೆಸಿದರು, ಎಲ್ಲೂ ತಡವರಿಸಲಿಲ್ಲ. ಮರೈಕೆ ಆ ತಲೆಬರಹ ಹೊಡೆದುಹಾಕಿದಳು. (ತಲೆಬರಹಕ್ಕೆ ಯಾರೂ ಸಹಿ ಹಾಕಿರಲಿಲ್ಲವಲ್ಲ, ಅದನ್ನು ತಿದ್ದಲು ಸಮಿತಿ ಬೇಕಿರಲಿಲ್ಲ.) ಪ್ರಶ್ನೆಯನ್ನೂ ಬದಲಾಯಿಸಿದಳು. ಹೊಸ ಪ್ರಶ್ನೆ ಇದು: ಗೇಟು ತೆಗೆಯಬೇಡಿ ಅಂದಿದ್ದಾರೆ. ನಿಮಗೆ ಬೇಡ ಅಂದಿಲ್ಲದ ಕೆಲಸಗಳು ಇನ್ನು ಯಾವುವು ಉಳಿದಿವೆ?

ಆ ಕೋರ್ಸು ಮುಗಿಸಿದ ಆಫೀಸರುಗಳು ಎಲ್ಲಿಗೆ ಹೋಗುತ್ತಾರೋ, ಎಂಥ ಗೇಟು ಸಿಗುತ್ತದೋ ನನಗೆ ಗೊತ್ತಿಲ್ಲ. ನನ್ನ ಫೈಲಿನಲ್ಲಿ ಒಂದು ಕಪ್ಪು ಚುಕ್ಕೆ ಬಿತ್ತು. ಇರಲಿ. ಇನ್ನು ಮೇಲೆ ತುರಿಸಿದರೆ ಕೇಳುತ್ತೇನೆ, ಈಜಿನ ಕ್ಲಾಸು ತಪ್ಪಿದರೂ ಸರಿ.

ಭಾನುವಾರ ಕಲ್ಲಪ್ಪನವರು ವಿಮಾನ ಹತ್ತಿದರು. ಸೋಮವಾರ ಬೆಳಿಗ್ಗೆ ಟ್ರ್ಯಾಮ್ ಸ್ಟಾಪಿನಲ್ಲಿ ನಿಂತು ಫೋನಿನಲ್ಲಿ ಸುದ್ದಿ ಓದುತ್ತಿದ್ದೆ. ಎಲ್ಲೋ ಒಂದು ಊರನ್ನು ಸುತ್ತುಗಟ್ಟಿದ್ದಾರೆ, ಜನ ಒಳಗೆ ಸಿಕ್ಕಿಬಿದ್ದಿದ್ದಾರೆ, ದೊಡ್ಡ ದೇಶಗಳ ದೊಡ್ಡವರು ಪರಿಸ್ಥಿತಿ ನೋಡಿಕೊಂಡು ಕಾಯುತ್ತಿದ್ದೇವೆ ಅಂತ ಹೇಳಿಕೆ ಕೊಟ್ಟಿದ್ದಾರೆ. ಮೊದಲಾಗಿದ್ದರೆ ಓದಿ ಮುಂದಿನ ಸುದ್ದಿಗೆ ಹೋಗುತ್ತಿದ್ದೆ.

ಈಗ ಕೇಳಬೇಕು ಅನ್ನಿಸುತ್ತದೆ: ಕಾಯುತ್ತಿರುವುದು ಯಾವುದನ್ನು ಸ್ವಾಮಿ, ಹಾದಿಯನ್ನೋ, ಮಂದಿಯನ್ನೋ?